ಲೆಕ್ಕದ ಯಂತ್ರವೂ ಅದರ ಕಾವಲೂ

2003ನೆಯ ಇಸವಿಯ ಮೇ 18ರಂದು ಬೆಲ್ಜಿಯಂ ದೇಶದಲ್ಲಿ ನಡೆದ ಚುನಾವಣೆಯೊಳಗೆ, ಸ್ಖಾರ್‌ಬೀಕ್ ಎಂಬ ಊರಿನ ಎಣಿಕೆಯಲ್ಲಿ ಒಬ್ಬ ಉಮೇದುವಾರರ ಹೆಸರಿಗೆ ಯಾರೂ ಹಾಕದ 4,096 ಮತಗಳು ಸೇರಿಕೊಂಡವು. ಬರಬಹುದಾದುದಕ್ಕಿಂತ ಮತಗಳು ಮಿಗಿಲಾದುದರಿಂದ ಮಾತ್ರ ಈ ಸಂಗತಿ ಬೈಲಿಗೆ ಬಂದಿತು. ಕಂಪ್ಯೂಟರು ಸಕಲ ಸಂಖ್ಯೆಗಳನ್ನೂ ಸೊನ್ನೆ, ಒಂದು ಎಂಬ ಎರಡೇ ಅಂಕಗಳಿಂದ ಬರೆದಿಡುವದು. ಆ ಬರಹದಲ್ಲಿ ಹದಿಮೂರನೆಯ ಸ್ಥಾನದ ಅಂಕದ ಬೆಲೆಯು ಸರಿಯಾಗಿ 4,096. ಆದುದರಿಂದ ಯಂತ್ರದ ಸ್ಮರಣೆಯಲ್ಲಿ ಒಂದು ಸೊನ್ನೆಯು ತಾನಾಗಿ ಒಂದಾಗಿರಬೇಕೆಂದು ತಜ್ಞರು ಅಭಿಪ್ರಾಯಪಟ್ಟರು. ಅಂತರಿಕ್ಷದಿಂದ ಬರುವ ವಿಶ್ವಕಿರಣದ ಹೊಡೆತವೇ ಇದಕ್ಕೆ ಕಾರಣವಿರಬಹುದೆಂದು ಊಹಿಸಲಾಯಿತು.

ದೂರದೇಶದ ಈ ವೃತ್ತಾಂತವು ನಮಗೇಕೆಂದು ವಾಚಕರು ಕೇಳಬಹುದು. ನಮ್ಮ ಕರ್ನಾಟಕದ ರೈತರ ಸುಮಾರು 2 ಕೋಟಿ ಪಹಣಿಗಳು ‘ಭೂಮಿ’ ಯೋಜನೆಯಿಂದ ಕಂಪ್ಯೂಟರಿಗೆ ಏರಿ ಎರಡು ದಶಕಗಳು ಕಳೆದಿವೆ. ಬ್ಯಾಂಕಿನ ಠೇವಣಿ, ಪಿಂಚಣಿ, ಪಡಿತರಗಳೆಲ್ಲವೂ ಸರ್ವರ್ ಎಂಬ ಯಂತ್ರಗಳ ವಶದಲ್ಲಿವೆ. ಯಂತ್ರವು ನಿಂತುಹೋದರೆ ಜನರು ಗದ್ದಲವೆಬ್ಬಿಸುವರು, ದುರಸ್ತಿಯೂ ಆಗುವದು. ನಿಲ್ಲದೆ ತಪ್ಪು ಲೆಕ್ಕ ಬರೆಯುತ್ತ ನಡೆದರೆ ಕೇಳುವವರಾರು? ಎಲ್ಲ ತಪ್ಪುಗಳೂ ಆ ಚುನಾವಣೆಯ ತಪ್ಪಿನಂತೆ ಎದ್ದು ಕಾಣುವವಲ್ಲ.

ಇದಕ್ಕೆ ಉಪಾಯವಿಲ್ಲವೆಂದಲ್ಲ. 1947ರ ಸುಮಾರಿಗೆ ಅಮೇರಿಕೆಯ ಬೆಲ್ ಪ್ರಯೋಗಶಾಲೆಯಲ್ಲಿ ಹ್ಯಾಮಿಂಗ್ ಎಂಬ ಗಣಿತಜ್ಞರು, ರಜೆಯ ದಿನಗಳಲ್ಲಿ ಯಂತ್ರಕ್ಕೆ ಒಪ್ಪಿಸಿದ ಲೆಕ್ಕವು ತಪ್ಪು ಕಂಡೊಡನೆ ನಿಂತುಹೋಗುತ್ತಿದ್ದುದರಿಂದ ಬೇಸತ್ತರು. ತಪ್ಪಾಯಿತೆಂದು ಅರಿಯಬಲ್ಲ ಯಂತ್ರವು ಅದು ಎಲ್ಲಿ ಆಯಿತೆಂದು ಅರಿತು ತಿದ್ದಿಕೊಳ್ಳಲಾಗದೇಕೆ ಎಂಬ ಅವರ ವಿಚಾರವು 1950ರಲ್ಲಿ ಪ್ರಬಂಧವಾಗಿ ಪ್ರಕಟವಾಯಿತು. ಅದರ ಫಲವಾಗಿ ಇಂದು ಒಳ್ಳೆಯ ಸರ್ವರುಗಳ ಸ್ಮರಣೆಯಲ್ಲಿ ಸಾಮಾನ್ಯವಾಗಿ 64 ಅಂಕಗಳಿಗೆ 8 ಕಾವಲಿನ ಅಂಕಗಳಿರುವವು. ಒಂದು ಅಂಕ ಕೆಟ್ಟರೆ ಯಂತ್ರವೇ ತಿದ್ದುವದು. ಎರಡು ಕೆಟ್ಟರೆ ತಿದ್ದಲಾರದೆ ಎಚ್ಚರಿಸುವದು. ವಿದ್ಯುತ್ತನ್ನು ಒದಗಿಸುವ ಭಾಗವು ಜೋಡಿಯಾಗಿದ್ದು, ಒಂದು ಕೆಟ್ಟಾಗ ಇನ್ನೊಂದು ಭಾರ ಹೊರುವದು; ಕೆಟ್ಟ ಡಿಸ್ಕನ್ನು ಕೆಲಸ ನಿಲ್ಲಿಸದೆ ಬದಲಿಸಬಹುದು.

ಈ ಕಾವಲು ಬರಿಯ ಆಡಂಬರವೆಂಬವರು 2009ರಲ್ಲಿ ಪ್ರಕಟವಾದ ಗೂಗಲ್ ಸಂಸ್ಥೆಯ ಯಂತ್ರಗಳ ಪರಿಶೀಲನೆಯನ್ನು ನೋಡಬೇಕು. ಅಲ್ಲಿ ವರ್ಷವೊಂದರಲ್ಲಿ ನೂರಕ್ಕೆ ಎಂಟಕ್ಕೂ ಹೆಚ್ಚು ಸ್ಮರಣಪಟ್ಟಿಗಳಲ್ಲಿ ತಪ್ಪುಗಳು ತೋರಿದವು. ಮೇಲಾಗಿ, ಲೆಕ್ಕ ಮಾಡುವ ಪ್ರೊಸೆಸರೇ ಕೆಲವೆಡೆ ಸದ್ದಿಲ್ಲದೆ ತಪ್ಪು ಉತ್ತರ ಕೊಡುವದೆಂದು ಗೂಗಲ್, ಫೇಸ್‌ಬುಕ್ ಸಂಸ್ಥೆಗಳ ತಜ್ಞರು 2021ರಲ್ಲಿ ಸಾರಿದರು. ಸ್ಮರಣೆಯ ಕಾವಲೊಂದರಿಂದ ಈ ತಪ್ಪು ಸಿಕ್ಕಲಾರದು.

ಆದುದರಿಂದ ಅಧಿಕಾರಿಗಳಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ. ಟೆಂಡರಿನಲ್ಲಿ ಕಡಿಮೆ ಬೆಲೆಯೊಂದನ್ನೇ ನೋಡಿ, ತಪ್ಪು ತಿದ್ದುವ ಸ್ಮರಣೆಯಿಲ್ಲದ ಯಂತ್ರಕ್ಕೆ ಜನರ ಆಸ್ತಿಯ ಲೆಕ್ಕವನ್ನು ಒಪ್ಪಿಸಬಾರದು. ಕೊಂಡ ಮೇಲೆ ಯಂತ್ರವು ತನ್ನ ತಪ್ಪುಗಳನ್ನು ಬರೆದಿಡುವ ಲಾಗನ್ನು ನಿಯಮಿತವಾಗಿ ಓದುವ ಹೊಣೆಯನ್ನು ಒಬ್ಬನ ಹೆಸರಿಗೆ ಕಟ್ಟಬೇಕು. ಪದೇ ಪದೇ ತಿದ್ದಿಸಿಕೊಳ್ಳುವ ಸ್ಮರಣಪಟ್ಟಿಯನ್ನು ಅದು ಪೂರ್ತಿ ಕೆಡುವ ಮೊದಲೇ ಬದಲಿಸಬೇಕು. ಬಹುಮುಖ್ಯವಾದ ದಾಖಲೆಗಳನ್ನು ಬೇರೊಂದು ಯಂತ್ರದ ಪ್ರತಿಯೊಡನೆ ಕಾಲಕಾಲಕ್ಕೆ ತಾಳೆ ನೋಡಬೇಕು. ಹಿಂದೆ ಶಾನುಭೋಗನ ಲೆಕ್ಕವನ್ನು ಜಮಾಬಂದಿಯಲ್ಲಿ ತಪಾಸಣೆ ಮಾಡುತ್ತಿದ್ದರು. ಅವನ ಸ್ಥಾನಕ್ಕೆ ಬಂದ ಯಂತ್ರಕ್ಕೆ ಆ ತಪಾಸಣೆಯಿಂದ ವಿನಾಯಿತಿ ಕೊಡಲು ಕಾರಣವೇನೂ ನಮಗೆ ತೋರದು.