ಗುಂಡಿಯ ಸಾಲು ಸ್ಪಷ್ಟವಾಗಿರಲಿ



ಮತಯಂತ್ರದ ಮತಪತ್ರದಲ್ಲಿ ಅಭ್ಯರ್ಥಿಗಳ ಬಣ್ಣದ ಭಾವಚಿತ್ರ, ದಪ್ಪ ಕ್ರಮಸಂಖ್ಯೆ ಇರಬೇಕೆಂದು ಚುನಾವಣಾ ಆಯೋಗ 2025ರಲ್ಲಿ ತೀರ್ಮಾನಿಸಿದ್ದು ಸ್ವಾಗತಾರ್ಹ. ಆದರೆ ಕಷ್ಟ ಅಷ್ಟಕ್ಕೇ ತೀರದು. ಒಂದು ಯಂತ್ರದಲ್ಲಿ 16 ಸಾಲುಗಳವರೆಗೆ ಇರುತ್ತವೆ. ಹೆಸರು, ಚಿತ್ರ, ಚಿಹ್ನೆ ದಾಟಿ ಬಲತುದಿಯ ನೀಲಿ ಗುಂಡಿಗೆ ಬರುವಷ್ಟರಲ್ಲಿ ವಯಸ್ಸಾದವರ ಕಣ್ಣು ಪಕ್ಕದ ಸಾಲಿಗೆ ಜಾರುತ್ತದೆ. ನಮ್ಮ ಅತ್ತೆಯವರು ಮಬ್ಬು ಬೆಳಕಿನಲ್ಲಿ ಚಿಹ್ನೆಯಿಂದ ಗುಂಡಿಯವರೆಗೆ ಬೆರಳಿಟ್ಟು ಎಳೆದುಕೊಂಡೇ ಹೋಗಬೇಕಾಯಿತಂತೆ. ಯಾರಿಗೆ ಮತ ಬಿತ್ತೆಂದು ತೋರಿಸುವ ವಿವಿಪ್ಯಾಟ್ ಚೀಟಿ 7 ಸೆಕೆಂಡು ಕಾಣುತ್ತದೆ, ನಿಜ. ಅಷ್ಟರಲ್ಲಿ ಮತ ಬಿದ್ದಾಗಿರುತ್ತದೆ, ಕೈತಪ್ಪಿ ಒತ್ತಿದ್ದನ್ನು ತಿದ್ದಲಾಗದು.

ಸಾಲು ಬಿಟ್ಟು ಸಾಲಿಗೆ ತಿಳಿಛಾಯೆ ಕೊಟ್ಟು, ಅದು ಗುಂಡಿಯವರೆಗೂ ಮುಂದುವರಿಯುವಂತೆ ಆಯೋಗ ವಿನ್ಯಾಸ ಮಾಡಿಸಲಿ. ಮತಯಂತ್ರ ಇಡುವ ಮೂಲೆಯಲ್ಲಿ ಸಾಕಷ್ಟು ಬೆಳಕಿದೆಯೇ ಎಂದು ಅಧಿಕಾರಿಗಳು ಮುನ್ನಾದಿನವೇ ನೋಡಬೇಕೆಂದು ವಿನಂತಿ.

– ನಿವೃತ್ತ ಶಿಕ್ಷಕಿ, ಶಿರಸಿ