ನೇರಳೆ ಗ್ಯಾಲಕ್ಸಿಯೂ ತಿಮ್ಮಾಪುರದ ಮಾಳಿಗೆಯೂ

'ಅಂತರಿಕ್ಷದ ಚಿತ್ರ ಬರೆಯಿರಿ' ಅಂದರೆ ನಮ್ಮ ಮಕ್ಕಳು ಏನು ಬರೆಯುತ್ತಾರೆ, ಒಮ್ಮೆ ಗಮನಿಸಿ. ಕಪ್ಪು ಹಾಳೆ, ಅದರ ಮೇಲೆ ನೇರಳೆ-ಗುಲಾಬಿ ಸುಳಿ, ಮೂಲೆಯಲ್ಲಿ ಬಳೆ ತೊಟ್ಟ ಶನಿ, ಒಂದು ರಾಕೆಟ್ಟು. ಎಲ್ಲ ಊರಲ್ಲೂ ಅದೇ ಚಿತ್ರ! ಯಾಕೆಂದರೆ ಅವರು ನೋಡಿಕೊಂಡು ಬರೆದದ್ದು ಆಕಾಶವನ್ನಲ್ಲ, ಮೊಬೈಲಿನ ವಾಲ್‌ಪೇಪರನ್ನು.

ಇದಕ್ಕೆ ಬಹುಮಾನ ಕೊಡುವುದನ್ನು ನಾವು ನಿಲ್ಲಿಸಬೇಕು ಅನ್ನುವುದು ನನ್ನ ವಾದ. ಬೈಯುವವರು ಪೂರ್ತಿ ಓದಿ ಬೈಯಿರಿ :)

ಚಂದ್ರಯಾನ-3 ಚಂದ್ರನ ಮೇಲೆ ಇಳಿದದ್ದು 2023ರ ಆಗಸ್ಟ್ 23ರಂದು. ಆ ದಿನವನ್ನು ರಾಷ್ಟ್ರೀಯ ಅಂತರಿಕ್ಷ ದಿನ ಅಂತ ಘೋಷಿಸಿ, 2024ರಿಂದ ಆಚರಿಸುತ್ತಿದ್ದಾರೆ. ಒಳ್ಳೆಯ ಕೆಲಸವೇ. ಆ ನೆಪದಲ್ಲಿ ನಡೆದ ಒಂದು ಚಿತ್ರಸ್ಪರ್ಧೆಗೆ, ಮುಧೋಳ ಸೀಮೆಯ ನಮ್ಮ ತಿಮ್ಮಾಪುರದಲ್ಲಿ ಏಳನೇ ಇಯತ್ತೆ ಓದುತ್ತಿದ್ದ ಅಕ್ಕನ ಮಗಳೂ ಹೋಗಿದ್ದಳು. ಅವಳು ಬರೆದದ್ದು ಇಷ್ಟು: ಕೆಳಗೆ ಕಬ್ಬಿನ ಹೊಲ, ಮೇಲೆ ಸುಣ್ಣ ಒರೆಸಿದ ಹಾಗೆ ಮಬ್ಬು ಬಿಳಿ ಪಟ್ಟಿ, ಅದರ ಪಕ್ಕ ಒಂದು ಕೆಂಪು ಚಿಕ್ಕಿ. ತೀರ್ಪುಗಾರರು ನೋಡಿ, "ಇದು ಬರೇ ರಾತ್ರಿ ಅಲ್ಲೇನವ್ವಾ, ಅಂತರಿಕ್ಷ ಎಲ್ಲೈತಿ?" ಅಂದರಂತೆ. ಬಹುಮಾನ ರಾಕೆಟ್ಟಿಗೆ ಹೋಯಿತು.

ಎಲ್ಲೈತಿ ಅಂದರೆ? ಆ ಬಿಳಿ ಪಟ್ಟಿ ನಮ್ಮ ಕ್ಷೀರಪಥ ಸ್ವಾಮೀ! ಆ ಕೆಂಪು ಚಿಕ್ಕಿ ವೃಶ್ಚಿಕದ ಜ್ಯೇಷ್ಠಾ ನಕ್ಷತ್ರ. ಆಗಸ್ಟ್ ತಿಂಗಳಲ್ಲಿ ಮೋಡ ಬಿಟ್ಟ ರಾತ್ರಿ ದಕ್ಷಿಣಕ್ಕೆ ಮುಖ ಮಾಡಿ ನಿಂತರೆ ಕಾಣುವುದು ಅದೇ. ಜ್ಯೇಷ್ಠಾದಿಂದ ಬೆಳಕು ನಮ್ಮನ್ನು ಮುಟ್ಟಲು ಐನೂರಕ್ಕೂ ಹೆಚ್ಚು ವರ್ಷ ಬೇಕು. ಇದಕ್ಕಿಂತ ದೊಡ್ಡ ಅಂತರಿಕ್ಷ ಇನ್ನೆಲ್ಲಿಂದ ತರೋಣ?

ಇನ್ನು ಆ ನೇರಳೆ ಬಣ್ಣದ ವಿಷಯ. ಹಬಲ್ ದೂರದರ್ಶಕ 1995ರಲ್ಲಿ ತೆಗೆದ 'ಸೃಷ್ಟಿಯ ಕಂಬಗಳು' ಚಿತ್ರವನ್ನು ನೀವೆಲ್ಲ ನೋಡಿರುತ್ತೀರಿ. ಅದರ ಮೂಲ ಕಪ್ಪು-ಬಿಳುಪು. ಗಂಧಕ, ಜಲಜನಕ, ಆಮ್ಲಜನಕ ಹೊಮ್ಮಿಸುವ ಬೆಳಕನ್ನು ಬೇರೆ ಬೇರೆ ಫಿಲ್ಟರ್‌ಗಳಲ್ಲಿ ಹಿಡಿದು, ಅವಕ್ಕೆ ಕ್ರಮವಾಗಿ ಕೆಂಪು, ಹಸಿರು, ನೀಲಿ ಕೊಟ್ಟು ಸೇರಿಸಿದ್ದಾರೆ. ಅಲ್ಲಿ ಜಲಜನಕದ ನಿಜವಾದ ಬೆಳಕು ಕೆಂಪು, ಚಿತ್ರದಲ್ಲಿ ಅದು ಹಸಿರು! ಮೋಸ ಅಲ್ಲ ಅದು. ಯಾವ ಅನಿಲ ಎಲ್ಲಿದೆ ಅಂತ ತಿಳಿಯಲು ವಿಜ್ಞಾನಿಗಳು ಮಾಡಿಕೊಂಡ ಅನುಕೂಲ. ಆ ದತ್ತಾಂಶ ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದು. ನಾನೂ ಇಳಿಸಿಕೊಂಡು, ಮೂರು ಪದರ ಜೋಡಿಸಿ, ಬಣ್ಣ ಅದಲುಬದಲು ಮಾಡಿ ಆಡಿದ್ದೇನೆ. ಐದು ನಿಮಿಷದಲ್ಲಿ ಕಂಬಗಳೆಲ್ಲ ಅರಿಶಿನ ಬಳಿದುಕೊಂಡು ನಿಂತವು. ಅಂದರೆ ನಮ್ಮ ಮಕ್ಕಳು ನಕಲು ಮಾಡುತ್ತಿರುವುದು ಬ್ರಹ್ಮಾಂಡದ ಬಣ್ಣವನ್ನಲ್ಲ, ಯಾರೋ ಒಬ್ಬರು ಆರಿಸಿಕೊಂಡ ಸೆಟ್ಟಿಂಗನ್ನು.

ಮಂದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಬಣ್ಣ ತಿಳಿಯುವುದಿಲ್ಲ. ಹಾಗಾಗಿ ಕ್ಷೀರಪಥ ಹಾಲಿನ ಮಬ್ಬಿನಂತೆಯೇ ಕಾಣುತ್ತದೆ. ಹುಡುಗಿ ಬರೆದದ್ದೇ ಸರಿ.

"ಹಾಗಾದರೆ ಅಂತರಿಕ್ಷಕ್ಕೆ ಹೋಗದವರು ಬರೆಯಲೇಬಾರದೇ?" ಅಂತ ಕೇಳಬಹುದು. ಖಂಡಿತ ಬರೆಯಲಿ. 1965ರಲ್ಲಿ ಅಲೆಕ್ಸಿ ಲಿಯೊನೊವ್ ನೌಕೆಯೊಳಗೇ ಬಣ್ಣದ ಪೆನ್ಸಿಲ್ಲಿನಲ್ಲಿ ಸೂರ್ಯೋದಯ ಬರೆದ. ಅವನು ಕಣ್ಣಾರೆ ಕಂಡಿದ್ದ. 1969ರಲ್ಲಿ ಚಂದ್ರನ ಮೇಲೆ ನಡೆದ ಅಲನ್ ಬೀನ್ ಆಮೇಲೆ ಪೂರ್ಣಾವಧಿ ಚಿತ್ರಕಾರನೇ ಆದ. ಚೆಸ್ಲಿ ಬೋನ್‌ಸ್ಟೆಲ್ ಎಲ್ಲಿಗೂ ಹೋದವನಲ್ಲ. ಆದರೆ 1944ರಲ್ಲಿ, ಟೈಟನ್ ಉಪಗ್ರಹದಲ್ಲಿ ನಿಂತರೆ ಶನಿ ಹೇಗೆ ಕಂಡೀತು ಅಂತ ಲೆಕ್ಕ ಹಾಕಿ ಬರೆದ. ಒಬ್ಬನದು ಕಣ್ಣು, ಇನ್ನೊಬ್ಬನದು ಲೆಕ್ಕ. ವಾಲ್‌ಪೇಪರ್ ನಕಲಿನಲ್ಲಿ ಎರಡೂ ಇಲ್ಲ.

ನಮಗಂತೂ ನೋಡುವ ಪರಂಪರೆಯೇ ಇದೆಯಲ್ಲ. ನಮ್ಮ ಕಡೆ ನಕ್ಷತ್ರಕ್ಕೂ ಚಿಕ್ಕಿ ಅಂತಾರೆ, ರಂಗೋಲಿಗೆ ಇಡುವುದಕ್ಕೂ ಚಿಕ್ಕಿ ಅಂತಾರೆ. ರೈತರು ಮಳೆಯನ್ನು ಕರೆಯುವುದೇ ರೋಹಿಣಿ, ಮಿರಗ ಅಂತ ನಕ್ಷತ್ರದ ಹೆಸರಿನಿಂದ. ಯುಗಾದಿ ಚಂದ್ರನನ್ನು ನೋಡಲು ಊರಿಗೆ ಊರೇ ಮಾಳಿಗೆ ಹತ್ತುತ್ತದೆ. ಆ ಚಂದ್ರ ನಮ್ಮ ಸೀಮೆಯಲ್ಲಿ ದೋಣಿಯ ಹಾಗೆ ಅಂಗಾತ ಮಲಗಿರುತ್ತಾನೆ. ಸ್ಪರ್ಧೆಯ ಹಾಳೆಗಳಲ್ಲಿ ಮಾತ್ರ ಕುಡುಗೋಲಿನ ಹಾಗೆ ನೆಟ್ಟಗೆ ನಿಂತಿರುತ್ತಾನೆ, ಎರಡು ಕೋಡಿನ ನಡುವೆ ಒಂದು ನಕ್ಷತ್ರ ಬೇರೆ! ಅಲ್ಲಿರುವುದು ಚಂದ್ರನದೇ ಕತ್ತಲ ಭಾಗ. ಅದರ ಮುಂದೆ ನಕ್ಷತ್ರ ಬರುವುದಾದರೂ ಹೇಗೆ?

ಅವಸರ ಯಾಕೆಂದರೆ, ಈ ಆಕಾಶವೂ ಬಹಳ ದಿನ ಉಳಿಯುವಂತಿಲ್ಲ. ಬೆಂಗಳೂರಿನ ನನ್ನ ಬಾಲ್ಕನಿಯಲ್ಲಿ ನಿಂತು ನಕ್ಷತ್ರಗಳನ್ನು ಬೆರಳಲ್ಲೇ ಎಣಿಸಿ ಮುಗಿಸಬಹುದು. ಊರಲ್ಲೂ ಬಿಳಿ ಎಲ್‌ಇಡಿ ದೀಪಗಳು ವರ್ಷವರ್ಷ ಹೆಚ್ಚುತ್ತಿವೆ. ಕ್ಷೀರಪಥ ಕಾಣುವ ಮಕ್ಕಳಿಗೆ 'ಇದು ಬರೇ ರಾತ್ರಿ' ಅಂತ ನಾವೇ ಹೇಳಿಕೊಟ್ಟರೆ, ಅದು ಅಳಿಸಿಹೋದ ದಿನ ಕೇಳುವವರೂ ಇರುವುದಿಲ್ಲ.

ಸ್ಪರ್ಧೆ ನಡೆಸುವವರಿಗೆ ನನ್ನ ಬೇಡಿಕೆ ಇಷ್ಟೇ. ಚಿತ್ರ ಬರೆಸುವುದಕ್ಕೆ ಮೊದಲು ಒಂದು ಅಮಾವಾಸ್ಯೆ ರಾತ್ರಿ ಅಂಗಳದ ದೀಪ ಆರಿಸಿ, ಅರ್ಧ ತಾಸು ಮಕ್ಕಳನ್ನು ಆಕಾಶದ ಕೆಳಗೆ ಕೂರಿಸಿ. ಮೊಬೈಲು ಮನೆಯಲ್ಲಿರಲಿ. ಆಮೇಲೆ ಹಾಳೆ ಕೊಡಿ. ಆಗಲೂ ಯಾರಾದರೂ ರಾಕೆಟ್ ಬರೆದರೆ, ಆ ರಾಕೆಟ್ಟಿಗೆ ಹೋಗಲು ಒಂದು ಜಾಗವಾದರೂ ಇರುತ್ತದೆ.

ನಿಮ್ಮೂರಿನಲ್ಲಿ ಕ್ಷೀರಪಥ ಇನ್ನೂ ಕಾಣುತ್ತದೆಯೇ? ಕಂಡರೆ, ಬಿಡುವಾದಾಗ ಒಂದು ಚಿತ್ರ ಬರೆದು ನಿಮ್ಮ ಬ್ಲಾಗಿನಲ್ಲಿ ಹಾಕಿ. ಚೆಂದ ಬರದಿದ್ದರೂ ಅಡ್ಡಿಯಿಲ್ಲ, ನೋಡಿ ಬರೆದದ್ದಾಗಿರಲಿ.