ಹುಟ್ಟುಹಬ್ಬ ಮಗುವಿನದು, ಊಟ ಯಾರದು?

ಕಳೆದ ಭಾನುವಾರ ಬೆಂಗಳೂರಿನಿಂದ ಮಗ ದೂರವಾಣಿ ಮಾಡಿದ್ದ. ಬರುವ ತಿಂಗಳು ಮೊಮ್ಮಗಳಿಗೆ ನಾಲ್ಕು ವರ್ಷ ತುಂಬುತ್ತದೆ. ಆ ದಿನ ಏನೇನು ಬಡಿಸಬೇಕೆಂದು ಅವನೂ ಸೊಸೆಯೂ ಕೂಡಿ ಒಂದು ಪಟ್ಟಿ ಮಾಡಿದ್ದರು. ಅದನ್ನು ಓದಿ ಹೇಳಿದ. ಗುಲಾಬಿ ಬಣ್ಣದ ಕ್ರೀಮು ಹಚ್ಚಿದ ಎರಡು ಕಿಲೋ ಕೇಕು, ಪಿಜ್ಜಾ, ನೂಡಲ್ಸ್, ಗೋಬಿ ಮಂಚೂರಿ, ಪನೀರಿನಲ್ಲಿ ಎರಡು ಬಗೆ, ಪಲಾವು, ಜಾಮೂನು, ಐಸ್‌ಕ್ರೀಮು, ಬಾಟಲಿಯ ಪಾನೀಯ, ಹೀಗೆ ಒಟ್ಟು ಹದಿನಾಲ್ಕು ಪದಾರ್ಥ. "ಏನಾದರೂ ಬಿಟ್ಟುಹೋಯಿತಾ ಅಪ್ಪಾ?" ಎಂದು ಕೇಳಿದ. "ಮಗು ಬಿಟ್ಟುಹೋಗಿದೆಯಪ್ಪಾ" ಎಂದೆ. ಅವನಿಗೆ ಬೇಸರವಾಯಿತು. "ನಿಮಗೆ ಎಲ್ಲದರಲ್ಲೂ ಪಾಠ ಮಾಡುವುದೇ ಆಯಿತು" ಎಂದು ಮಾತು ಮುಗಿಸಿದ.

ಮೂವತ್ತೈದು ವರ್ಷ ಪಾಠ ಮಾಡಿದವನಿಗೆ ಆ ಚಾಳಿ ಸುಲಭವಾಗಿ ಬಿಟ್ಟುಹೋಗದು. ದೂರವಾಣಿಯಲ್ಲಿ ಅರ್ಧಕ್ಕೇ ನಿಂತ ಮಾತನ್ನು ಇಲ್ಲಿ ಪೂರ್ತಿಗೊಳಿಸುತ್ತಿದ್ದೇನೆ. ಇದನ್ನು ಓದುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿಯೂ ಬಂಧುಗಳಲ್ಲಿಯೂ ಎಳೆಯ ಮಕ್ಕಳ ತಂದೆತಾಯಂದಿರು ಬಹಳ ಮಂದಿ ಇದ್ದಾರೆ. ಅವರಿಗೂ ಇದು ಸಲ್ಲುತ್ತದೆ.

ಕಳೆದ ವರ್ಷದ ಸಮಾರಂಭಕ್ಕೆ ನಾನೂ ಹೋಗಿದ್ದೆ. ಆಹ್ವಾನದಲ್ಲಿ ಸಂಜೆ ಆರೂವರೆ ಎಂದಿತ್ತು. ಕಚೇರಿಯಿಂದ ಬರುವವರೆಲ್ಲ ಬಂದು ಸೇರಿ ಕೇಕು ಕತ್ತರಿಸುವಾಗ ಎಂಟು ದಾಟಿತ್ತು. ದಿನವೂ ಏಳೂವರೆಗೆ ಉಂಡು ಮಲಗುವ ಮೂರು ವರ್ಷದ ಮಗು ಅಷ್ಟು ಹೊತ್ತಿಗೆ ಹಸಿವು ಕೆಟ್ಟು, ನಿದ್ದೆ ತಡೆಯಲಾರದೆ, ಜರಿಯ ಲಂಗ ಚುಚ್ಚುತ್ತದೆಂದು ಅಳುತ್ತಿತ್ತು. ಬಾಯಿಗೆ ತುರುಕಿದ ಕೇಕಿನ ತುಂಡನ್ನು ಉಗುಳಿ ಅಜ್ಜಿಯ ಹೆಗಲ ಮೇಲೆ ನಿದ್ದೆಹೋಯಿತು. ಹುಟ್ಟುಹಬ್ಬದ ಒಡತಿ ಒಂದು ತುತ್ತನ್ನೂ ಉಣ್ಣಲಿಲ್ಲ. ಬಂದಿದ್ದ ಮಕ್ಕಳು ಎರಡು ಚೂರು ಆಲೂಗಡ್ಡೆ ತಿಂದು, ಬಣ್ಣದ ನೀರು ಕುಡಿದು, ಬೆಲೂನಿನ ಹಿಂದೆ ಓಡಿದರು. ಸಾಲಿನಲ್ಲಿ ನಿಂತು ತಟ್ಟೆ ತುಂಬಿಸಿಕೊಂಡವರೆಲ್ಲ ನನ್ನಂಥ ದೊಡ್ಡವರು. ರಾತ್ರಿ ಹತ್ತೂವರೆಗೆ ಅಡುಗೆಯವರು ಉಳಿದದ್ದನ್ನು ದೊಡ್ಡ ಕಪ್ಪು ಚೀಲಗಳಿಗೆ ಸುರಿಯುವುದನ್ನು ನಿಂತು ನೋಡಿದೆ.

ಹಾಗಿದ್ದಮೇಲೆ ಆ ಊಟವನ್ನು ಯಾರಿಗಾಗಿ ಏರ್ಪಡಿಸಿದ್ದು? ನನ್ನ ತಕರಾರಿನ ಮೂಲ ಇಷ್ಟೇ.

"ನಮ್ಮ ಕಾಲದಲ್ಲಿ ಹೀಗಿರಲಿಲ್ಲ" ಎಂಬ ಹಾಡನ್ನು ನಾನು ಹಾಡುವುದಿಲ್ಲ. ನಮ್ಮ ಕಾಲದಲ್ಲಿ ಹುಟ್ಟುಹಬ್ಬವೇ ಇರಲಿಲ್ಲ. ನನ್ನ ತಲೆಮಾರಿನ ಬಹಳ ಮಂದಿಯ ಹುಟ್ಟಿದ ದಿನ ಜೂನ್ 1. ಶಾಲೆಗೆ ಸೇರಿಸುವಾಗ ತಂದೆಗೆ ತಾರೀಖು ನೆನಪಿಲ್ಲದಿದ್ದರೆ ಮೇಷ್ಟ್ರು ತಾವೇ ಒಂದು ತಾರೀಖು ಬರೆದುಬಿಡುತ್ತಿದ್ದರು. ನನ್ನದೂ ಹಾಗೆ ಬಂದದ್ದೇ. ಅನುಕೂಲಸ್ಥರ ಮನೆಗಳಲ್ಲಿ ತಿಥಿ ನೋಡಿ ವರ್ಧಂತಿ ಮಾಡುತ್ತಿದ್ದರು: ಎಣ್ಣೆ ನೀರು, ಹಣೆಗೆ ಕುಂಕುಮ, ಆರತಿ, ಒಂದು ಪಾಯಸ. ಉಳಿದವರಿಗೆ ಅದೂ ಇಲ್ಲ. ಇಂದು ಮಗುವಿನ ಹುಟ್ಟಿದ ದಿನವನ್ನು ನೆನಪಿಟ್ಟು ಸಂಭ್ರಮಿಸುತ್ತಾರೆಂದರೆ ಅದು ಒಳ್ಳೆಯ ಬದಲಾವಣೆಯೇ.

ಕೇಕು ಪರದೇಶದ್ದೆಂದು ದೂರುವವರ ಪಕ್ಷವೂ ನನ್ನದಲ್ಲ. ಮೆಣಸಿನಕಾಯಿ, ಆಲೂಗಡ್ಡೆ, ಟೊಮೇಟೊ, ಕಡಲೆಕಾಯಿ ಎಲ್ಲವೂ ಸಮುದ್ರ ದಾಟಿ ಬಂದವೇ. ಅವನ್ನು ಬಿಟ್ಟರೆ ನಮ್ಮ ಸಾರಿಗೆ ಖಾರವಿಲ್ಲ, ದೋಸೆಗೆ ಪಲ್ಯವಿಲ್ಲ. ಇನ್ನು ಕೇಕಿನ ಬದಲು ಹೋಳಿಗೆ, ಜಾಮೂನು ಇಟ್ಟೊಡನೆ ಆರೋಗ್ಯ ಬಂದಿತೆಂದು ತಿಳಿಯುವುದೂ ಭ್ರಮೆ. ಬೆಲ್ಲವೂ ಸಿಹಿಯೇ, ದೇಹ ಅದನ್ನೂ ಸಕ್ಕರೆಯ ಲೆಕ್ಕಕ್ಕೇ ಹಿಡಿಯುತ್ತದೆ.

ಈಗ ನನ್ನ ಮಗನೂ ಅವನಂಥವರೂ ಹೂಡುವ ವಾದಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು: "ವರ್ಷಕ್ಕೊಂದು ದಿನ, ಏನಾಗುತ್ತದೆ?" ಒಂದು ಮಗುವಿಗೆ ವರ್ಷಕ್ಕೊಂದೇ ಹುಟ್ಟುಹಬ್ಬ, ನಿಜ. ಆದರೆ ಅದರ ತರಗತಿಯಲ್ಲಿ ಮೂವತ್ತು ಮಕ್ಕಳಿದ್ದಾರೆ; ವಠಾರದಲ್ಲಿ ಇನ್ನಷ್ಟು ಮಕ್ಕಳಿದ್ದಾರೆ. ಲೆಕ್ಕದ ಮೇಷ್ಟ್ರಾಗಿ ಹೇಳುತ್ತೇನೆ, ಅಲ್ಲಿಗೆ ಹದಿನೈದು ದಿನಕ್ಕೊಮ್ಮೆಯಾದರೂ ಯಾರದಾದರೂ ಹುಟ್ಟುಹಬ್ಬ ಬಂದೇ ಬರುತ್ತದೆ. ದಿನಕ್ಕೆ ಬೇಕಾದ ಶಕ್ತಿಯಲ್ಲಿ ಹೊರಗಿನಿಂದ ಬೆರೆಸಿದ ಸಕ್ಕರೆಯ ಪಾಲು ಶೇಕಡ 10ಕ್ಕಿಂತ ಕಡಿಮೆಯಿರಬೇಕು, 5ಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ನಾಲ್ಕೈದು ವರ್ಷದ ಮಗುವಿಗೆ ದಿನಕ್ಕೆ ಸುಮಾರು 1350 ಕ್ಯಾಲೊರಿ ಬೇಕೆಂದಿಟ್ಟುಕೊಳ್ಳಿ. ಶೇಕಡ 10 ಎಂದರೆ ಸುಮಾರು 34 ಗ್ರಾಂ, ಶೇಕಡ 5 ಎಂದರೆ 17 ಗ್ರಾಂ. ಕಾಲು ಲೀಟರ್ ಕೋಲಾ ಪಾನೀಯವೊಂದರಲ್ಲಿಯೇ ಸುಮಾರು 25 ಗ್ರಾಂ ಸಕ್ಕರೆ ಇರುತ್ತದೆ. ಕೇಕು, ಜಾಮೂನು, ಐಸ್‌ಕ್ರೀಮುಗಳ ಲೆಕ್ಕ ಇನ್ನೂ ಆರಂಭವಾಗಿಲ್ಲ. ಎರಡು ವರ್ಷ ತುಂಬದ ಮಕ್ಕಳಿಗಂತೂ ಸಕ್ಕರೆ ಬೆರೆಸಿದ ಆಹಾರ ಬೇಡವೆಂದೇ ವೈದ್ಯರು ಹೇಳುತ್ತಾರೆ. ಆದರೂ ಮೊದಲ ಹುಟ್ಟುಹಬ್ಬದ ದಿನ ಆ ಎಳೆಯ ಬಾಯಿಗೆ ಎಲ್ಲರೂ ಸರದಿಯಂತೆ ಕ್ರೀಮು ಸವರುತ್ತಾರೆ.

ಎರಡನೆಯದು: "ಮಕ್ಕಳು ಅದನ್ನೇ ಕೇಳುತ್ತಾರೆ." ಮೂರು ವರ್ಷದ ಮಗು ಕೇಳಿದ್ದು ಬೆಲೂನು. ಗೋಬಿ ಮಂಚೂರಿ ಕೇಳಿದ್ದು ನಾವು. ಕೆಂಪು ಬಣ್ಣ ಮಗುವಿನ ಕಣ್ಣು ಸೆಳೆಯುತ್ತದೆ ಎಂಬುದು ನಿಜ. ಹಾಗೆಂದೇ ಮಾರುವವರು ಅದನ್ನು ಬೆರೆಸುತ್ತಾರೆ. 2024ರ ಮಾರ್ಚಿಯಲ್ಲಿ ನಮ್ಮ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನೂ ಬಣ್ಣದ ಬಾಂಬೆ ಮಿಠಾಯಿಯನ್ನೂ ನಿಷೇಧಿಸಿತು. ರೋಡಮಿನ್-ಬಿ ಎಂಬ, ಬಟ್ಟೆಗೆ ಹಾಕುವ ಬಣ್ಣ ಅವುಗಳಲ್ಲಿ ಸಿಕ್ಕಿತ್ತು. ಅದೇ ವರ್ಷ ಕೇಕುಗಳನ್ನೂ ಪರೀಕ್ಷಿಸಿದಾಗ 235 ಮಾದರಿಗಳಲ್ಲಿ 12 ಅಸುರಕ್ಷಿತವೆಂದು ಕಂಡುಬಂತು. ನ್ಯಾಯವಾಗಿ ಹೇಳಬೇಕಾದರೆ 223 ಚೆನ್ನಾಗಿಯೇ ಇದ್ದವು. ಆದುದರಿಂದ ಕೇಕು ಬೇಡವೆನ್ನುವುದಿಲ್ಲ, ಬಣ್ಣ ಬೇಡವೆನ್ನುತ್ತೇನೆ. ಬಾಳೆಹಣ್ಣು ಹಿಸುಕಿ ಹಾಕಿದ ಪುಟ್ಟ ಕೇಕಿನ ಮೇಲಿಟ್ಟರೂ ಮೇಣದಬತ್ತಿ ಉರಿಯುತ್ತದೆ.

ಮೂರನೆಯದು, ಎಲ್ಲಕ್ಕಿಂತ ಗಟ್ಟಿಯಾದದ್ದು: "ಬಂದವರು ಏನೆಂದುಕೊಂಡಾರು?" ಇದಕ್ಕೆ ಉತ್ತರ ಕೊಡಲು ನನ್ನ ತಪ್ಪೊಂದನ್ನು ಹೇಳಬೇಕು. ಈವರೆಗೆ ಯಾರಿಗೂ ಹೇಳಿರಲಿಲ್ಲ.

1991ರಲ್ಲಿ ನಾನು ದಾವಣಗೆರೆಯ ಶಾಲೆಯೊಂದರಲ್ಲಿ ಮೂರನೆಯ ತರಗತಿಗೆ ಪಾಠ ಹೇಳುತ್ತಿದ್ದೆ. ಹುಟ್ಟುಹಬ್ಬದ ದಿನ ಹೊಸ ಬಟ್ಟೆ ತೊಟ್ಟು ಬಂದು ಚಾಕಲೇಟು ಹಂಚುವ ರೂಢಿ ಆಗಷ್ಟೇ ಶುರುವಾಗಿತ್ತು. ಮೊದಲು ಪೆಪ್ಪರಮಿಂಟು ಇದ್ದದ್ದು ಹೊಳೆಯುವ ಕಾಗದದ ಚಾಕಲೇಟಾಯಿತು; ಒಂದು ಇದ್ದದ್ದು ಎರಡಾಯಿತು. ಯಾರು ಏನು ಹಂಚಿದರೆಂಬುದನ್ನು ಮಕ್ಕಳು ಮಗ್ಗಿಗಿಂತ ಚೆನ್ನಾಗಿ ನೆನಪಿಟ್ಟಿದ್ದರು. ಒಂದು ದಿನ ಕೊನೆಯ ಸಾಲಿನ ಹುಡುಗನೊಬ್ಬ ಬಟ್ಟೆಯ ಚೀಲ ಹಿಡಿದು ಮೇಜಿನ ಬಳಿ ಬಂದು, "ಸಾರ್, ಇವತ್ತು ನನ್ನ ಹುಟ್ಟಿದ ದಿನ" ಎಂದ. ಅವನ ತಂದೆ ಮಂಡಕ್ಕಿ ಭಟ್ಟಿಯ ಕೆಲಸಗಾರ. ಕಾದ ಮರಳಿನಲ್ಲಿ ಅಕ್ಕಿ ಹುರಿದು ಮಂಡಕ್ಕಿ ಮಾಡುವ ಆ ಒಲೆಯ ಮುಂದೆ ನಿಲ್ಲುವ ಕೆಲಸ ಎಂಥದೆಂದು ದಾವಣಗೆರೆಯವರಿಗೆ ಹೇಳಬೇಕಾಗಿಲ್ಲ. ಚೀಲದಲ್ಲಿ ಮಂಡಕ್ಕಿ, ಹುರಿಗಡಲೆ, ಬೆಲ್ಲದ ಚೂರು ಬೆರೆಸಿ ತಂದಿದ್ದ. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಇಡೀ ತರಗತಿ ನಕ್ಕಿತು. ನಾನು ನಗಲಿಲ್ಲ. ಆದರೆ ಮಾಡಿದ್ದು ಅದಕ್ಕಿಂತ ಕೆಟ್ಟದ್ದು. "ನೆಲವೆಲ್ಲ ಚೆಲ್ಲುತ್ತದೆ, ಮೂಲೆಯಲ್ಲಿಡು, ಸಂಜೆ ಹಂಚೋಣ" ಎಂದೆ. ಸಂಜೆ ಗಂಟೆ ಹೊಡೆದಾಗ ಮರೆತುಬಿಟ್ಟೆ. ಮರುದಿನ ಬೆಳಿಗ್ಗೆ ಮೂಲೆಯಲ್ಲಿ ಚೀಲವಿರಲಿಲ್ಲ. ಅವನೇ ಸದ್ದಿಲ್ಲದೆ ಮನೆಗೆ ಒಯ್ದಿದ್ದ. ತುಂಬಿದ ಚೀಲವನ್ನು ಕಂಡು ಅವನ ತಾಯಿ ಏನು ಕೇಳಿರಬಹುದು, ಅವನು ಏನು ಹೇಳಿರಬಹುದು ಎಂಬುದು ಮೂವತ್ತು ವರ್ಷ ಕಳೆದರೂ ನನ್ನನ್ನು ಬಿಟ್ಟಿಲ್ಲ.

ಅಂದು ಅವನು ತಂದದ್ದರಲ್ಲಿ ಕೊರತೆ ಏನಿತ್ತು? ಏನೂ ಇಲ್ಲ. ಕೊರತೆ ಇದ್ದದ್ದು ನಾವು ಬೆಳೆಯಲು ಬಿಟ್ಟ ಅಳತೆಗೋಲಿನಲ್ಲಿ. ಹದಿನಾಲ್ಕು ಪದಾರ್ಥ ಬಡಿಸಿದ ಮನೆಯಿಂದ ಹೊರಡುವ ಪ್ರತಿ ತಾಯಿಯೂ ಆ ಅಳತೆಗೋಲನ್ನು ಕೈಯಲ್ಲಿ ಹಿಡಿದೇ ಹೋಗುತ್ತಾಳೆ. ಬರುವ ತಿಂಗಳು ತನ್ನ ಮಗುವಿಗೆ ಹದಿನೈದು ಮಾಡಲಾಗದವಳು ಕಾರ್ಯಕ್ರಮವನ್ನೇ ಕೈಬಿಡುತ್ತಾಳೆ, ಇಲ್ಲವೇ ಸಾಲ ಮಾಡುತ್ತಾಳೆ. "ಜನ ಏನೆಂದಾರು" ಎಂದು ಅಂಜುವವರು ಆ ಅಂಜಿಕೆಯನ್ನು ಇನ್ನೊಬ್ಬರ ಮನೆಗೆ ದಾಟಿಸುತ್ತಿದ್ದಾರೆ. ನನ್ನ ಮಗನ ಮೇಲೆ ನನಗಿರುವ ನಿಜವಾದ ಮುನಿಸು ಇದು.

ಇದಕ್ಕೆ ಎದುರಾದ ಚಿತ್ರವನ್ನೂ ನಾನು ಕಂಡಿದ್ದೇನೆ. 2002ರಲ್ಲಿ ಈಶಾನ್ಯ ಕರ್ನಾಟಕದಲ್ಲಿ ಆರಂಭವಾದ ಅಕ್ಷರ ದಾಸೋಹ ಮರುವರ್ಷ ನಮ್ಮ ಕಡೆಗೂ ಬಂತು. ಒಂದೇ ಪಾತ್ರೆಯ ಅನ್ನ ಸಾರನ್ನು ಅಂಗಡಿಯವನ ಮಗನೂ ಹಮಾಲನ ಮಗಳೂ ಒಂದೇ ಸಾಲಿನಲ್ಲಿ ಕುಳಿತು ಉಂಡರು. ಡಬ್ಬಿ ಮುಚ್ಚಳದ ಮರೆಯಲ್ಲಿ ಒಣರೊಟ್ಟಿ ತಿನ್ನುತ್ತಿದ್ದ ಮಕ್ಕಳು ಅಂದಿನಿಂದ ತಲೆ ಎತ್ತಿ ಉಣ್ಣತೊಡಗಿದರು. ಆಮೇಲೆ ಶಾಲೆಗಳಲ್ಲಿ ಮೊಟ್ಟೆ ಕೊಡತೊಡಗಿದಾಗಲೂ ತಿನ್ನದವರಿಗೆ ಬಾಳೆಹಣ್ಣು ಕೊಟ್ಟರು. ಇಬ್ಬರೂ ಕೂರುವುದು ಒಂದೇ ಸಾಲಿನಲ್ಲಿ. ಹುಟ್ಟುಹಬ್ಬದ ಮನೆಯಲ್ಲಿಯೂ ಇಷ್ಟೇ ಬೇಕಾದದ್ದು. ಕೇಕಿಗೆ ಮೊಟ್ಟೆ ಹಾಕಿದ್ದರೆ ಮೊದಲೇ ಹೇಳಿ. ಯಾವ ಮಗುವಿಗೆ ಯಾವುದು ಒಗ್ಗದು ಎಂದು ಕರೆಯುವಾಗಲೇ ಕೇಳಿ. ಪಾತ್ರೆ ತೊಳೆಯಲು ಬಂದವಳ ಮಗು ಬಾಗಿಲಲ್ಲಿ ನಿಂತಿದ್ದರೆ ಉಳಿದದ್ದನ್ನು ಕಟ್ಟಿಕೊಡಬೇಡಿ, ಸಾಲಿನಲ್ಲಿ ಕೂರಿಸಿ.

ನಾನು ಇದನ್ನೆಲ್ಲ ಗಟ್ಟಿಯಾಗಿ ಓದುತ್ತಿದ್ದಾಗ ನನ್ನಾಕೆ ಅಡುಗೆಮನೆಯಿಂದ, "ಹಾಗಾದರೆ ಮಾಡುವವರು ಯಾರು? ಸೊಸೆ ಬೆಳಗಿನಿಂದ ಒಲೆ ಮುಂದೆ ನಿಲ್ಲಬೇಕೋ?" ಎಂದು ಕೇಳಿದಳು. ಸರಿಯಾದ ಪ್ರಶ್ನೆ. ಮನೆಯಡುಗೆಯ ಗುಣಗಾನ ಮಾಡುವ ಗಂಡಸರು ಸಾಮಾನ್ಯವಾಗಿ ಸೌಟು ಹಿಡಿದವರಲ್ಲ, ನಾನೂ ಅವರಲ್ಲೊಬ್ಬ. ಆದ್ದರಿಂದ ಇಬ್ಬರು ಸೇರಿ ಎರಡು ಗಂಟೆಯೊಳಗೆ ಮುಗಿಸಬಹುದಾದುದನ್ನಷ್ಟೇ ಸೂಚಿಸುತ್ತೇನೆ. ಆ ಇಬ್ಬರಲ್ಲಿ ಒಬ್ಬ ಗಂಡಸಾಗಿರಲಿ.

ಸಮಯ ಸಂಜೆ ನಾಲ್ಕು, ಆರಕ್ಕೆ ಮುಕ್ತಾಯ. ಮಕ್ಕಳ ಅಂಗೈಯಗಲದ ಇಡ್ಲಿ ಅಥವಾ ಖಾಲಿ ದೋಸೆ. ಜೊತೆಗೆ ಖಾರವಿಲ್ಲದ ಕಾಯಿಚಟ್ನಿ, ಬೆಣ್ಣೆ. ಹೆಸರುಬೇಳೆ ಕೋಸಂಬರಿ. ಒಂದೇ ಒಂದು ಸಿಹಿ: ಕೇಕಾದರೆ ಕೇಕು, ಪಾಯಸವಾದರೆ ಪಾಯಸ, ಎರಡೂ ಅಲ್ಲ. ಹೆಚ್ಚಿದ ಬಾಳೆಹಣ್ಣು, ಪಪ್ಪಾಯಿ. ಕುಡಿಯಲು ನೀರು, ನೀರುಮಜ್ಜಿಗೆ. ದೊಡ್ಡವರಿಗೂ ಇದೇ, ಬೇಕಿದ್ದರೆ ಮೇಲೊಂದು ಲೋಟ ಕಾಫಿ. ಒಂದು ಎಚ್ಚರಿಕೆ: ಐದು ವರ್ಷದೊಳಗಿನ ಮಕ್ಕಳ ಕೈಗೆ ಇಡೀ ಕಡಲೆಬೀಜ, ಗೋಡಂಬಿ, ಪಾಪ್‌ಕಾರ್ನ್, ಗಟ್ಟಿ ಪೆಪ್ಪರಮಿಂಟು ಕೊಡಬೇಡಿ. ಓಡುತ್ತ ನಗುತ್ತ ತಿನ್ನುವಾಗ ಅವು ಶ್ವಾಸನಾಳಕ್ಕೆ ಸಿಕ್ಕಿಕೊಳ್ಳುತ್ತವೆ. ದ್ರಾಕ್ಷಿಯನ್ನು ಉದ್ದುದ್ದಕ್ಕೆ ಸೀಳಿ ಕೊಡಿ. ಒಂದು ವರ್ಷ ತುಂಬದ ಕೂಸಿನ ನಾಲಿಗೆಗೆ ಜೇನುತುಪ್ಪ ಮುಟ್ಟಿಸಬೇಡಿ.

ಇದಿಷ್ಟನ್ನೂ ಮಗನಿಗೆ ಬರೆದು ಕಳುಹಿಸಿದ್ದೇನೆ. ಮಂಡಕ್ಕಿಯ ಸಂಗತಿಯನ್ನು ಅವನು ಮೊದಲ ಬಾರಿಗೆ ಓದಿದ. ನಿನ್ನೆ ರಾತ್ರಿ ಸೊಸೆ ದೂರವಾಣಿ ಮಾಡಿ, "ಮಾವ, ನಾಲ್ಕು ಗಂಟೆಗೇ ಇಟ್ಟುಕೊಳ್ಳೋಣ. ಪಿಜ್ಜಾ ಒಂದು ಮಾತ್ರ ಇರಲಿ, ಅವಳಿಗೆ ನಿಜವಾಗಿಯೂ ಇಷ್ಟ" ಎಂದಳು. ಇರಲಿ ಎಂದೆ. ಹದಿನಾಲ್ಕು ಇದ್ದದ್ದು ಆರಕ್ಕೆ ಇಳಿದಿದೆ. ದಾವಣಗೆರೆಯಿಂದ ಹೊರಡುವಾಗ ಒಂದು ಚೀಲ ಮಂಡಕ್ಕಿ ಒಯ್ಯುತ್ತೇನೆ. ಈ ಸಲ ಮೂಲೆಯಲ್ಲಿ ಇಡುವುದಿಲ್ಲ. ಬಂದ ಮಕ್ಕಳಿಗೆಲ್ಲ ನಾನೇ ಕೈಯಾರೆ ಹಂಚುತ್ತೇನೆ.

ಆ ಹುಡುಗನಿಗೆ ಈಗ ನಲವತ್ತು ದಾಟಿರಬೇಕು. ನಿಮ್ಮಲ್ಲಿ ಯಾರಿಗಾದರೂ ಅವನ ಗುರುತಿದ್ದರೆ, ಮೇಷ್ಟ್ರು ತಪ್ಪಾಯಿತೆಂದು ಹೇಳಿದರು ಎಂದು ತಿಳಿಸಿ.